ಗಂಡ ಇದ್ದೂ ಇಲ್ಲ, ಡೈವೋರ್ಸೂ ಆಗಿಲ್ಲ, ಹಂಗಾದ್ರೆ ಸರ್ಕಾರದ ಲೆಕ್ಕದಲ್ಲಿ ನಂದು ಸಂಸಾರ ಅಲ್ವಾ?

ಪ್ರಶ್ನೆ: ಮೇಡಂ, ನಂಗೆ 31 ವರ್ಷ, ಬೇಲೂರು ತಾಲ್ಲೂಕು ಅರೇಹಳ್ಳಿ ಕಡೆಯವಳು. ಮಗಳಿಗೆ ಏಳು ವರ್ಷ. ಯಜಮಾನ್ರು ನಾಲ್ಕು ವರ್ಷದ ಹಿಂದೆ ಬೆಂಗಳೂರಿಗೆ ಡ್ರೈವರ್ ಕೆಲಸಕ್ಕೆ ಅಂತ ಹೋದೋರು ತಿರುಗಿ ಬರ್ಲಿಲ್ಲ, ಈಗ ಫೋನೂ ಎತ್ತಲ್ಲ. ನಾನು ತವರಲ್ಲಿದೀನಿ, ಬ್ಲೌಸ್ ಹೊಲೀತೀನಿ, ಸೀಸನ್ನಲ್ಲಿ ಕಾಫಿ ಹಣ್ಣು ಕುಯ್ಯಕ್ಕೆ ಹೋಗ್ತೀನಿ, ತಿಂಗಳಿಗೆ ಆರು ಸಾವಿರ ಆದ್ರೆ ಹೆಚ್ಚು. ನನ್ನ ಹೆಸರು ಇನ್ನೂ ಅತ್ತೆ ಮನೆ ರೇಷನ್ ಕಾರ್ಡಲ್ಲಿದೆ, ಗೃಹಲಕ್ಷ್ಮಿ ದುಡ್ಡು ಅಲ್ಲಿ ಅತ್ತೆಗೆ, ಇಲ್ಲಿ ಅಮ್ಮಂಗೆ. ನಮ್ಮಣ್ಣ ಟಿವಿ ನೋಡ್ಕೊಂಡು ಈ ಸ್ಕೀಮ್‌ಗಳಿಂದಲೇ ಹೆಂಗಸರು ಸಂಸಾರ ಬಿಟ್ಟು ಬರ್ತಿರೋದು, ಅಮೆರಿಕಾದಲ್ಲೂ ಹಿಂಗೇ ಹಾಳಾಗಿದ್ದು ಅಂತಾನೆ, ಒಂದು ವಾಟ್ಸಾಪ್ ಮೆಸೇಜೂ ತೋರಿಸ್ದ. ಇದು ನಿಜಾನಾ? ನನ್ನಂಥೋರಿಗೆ ಏನಾದ್ರೂ ದಾರಿ ಇದೆಯಾ? ಇನ್ನೊಂದು, ಕೇಸ್ ಹಾಕ್ಬೇಕಾದ್ರೆ ತಾಳಿ ತೆಗೀಬೇಕು ಅಂತ ಪಕ್ಕದ ಮನೆಯೋರು ಹೇಳ್ತಾರೆ, ಹೌದಾ?

ಉತ್ತರ: ನೋಡಮ್ಮ, ನಿಮ್ಮಣ್ಣನ ಮಾತಿಂದಲೇ ಶುರು ಮಾಡ್ತೀನಿ. ಯಾಕಂದ್ರೆ ಅದು ನಿಮ್ಮಣ್ಣ ಒಬ್ಬರದ್ದೇ ಮಾತಲ್ಲ, ಹಾಸನದ ಕೋರ್ಟ್ ಎದುರಿನ ಟೀ ಅಂಗಡೀಲಿ ನನ್ನ ಜೊತೆ ವಕೀಲರೇ ಇದನ್ನ ಆಡ್ತಾರೆ. ಇಪ್ಪತ್ತು ವರ್ಷದ ಮೇಲಾಯ್ತು ನಾನು ಈ ಜೀವನಾಂಶ, ಮಕ್ಕಳ ಕಸ್ಟಡಿ ಕೇಸ್‌ಗಳನ್ನ ನಡೆಸ್ತಾ, ಎರಡು ಸಾವಿರ ರೂಪಾಯಿ ಬರತ್ತೆ ಅಂತ ಗಂಡನ್ನ ಬಿಟ್ಟು ಬಂದ ಒಬ್ಬಳು ಹೆಂಗಸನ್ನೂ ನಾನು ನೋಡಿಲ್ಲ. ಹೊಡೆತ ತಿಂದ್ಕೊಂಡು ಬಸ್ ಚಾರ್ಜಿಗೂ ಕಾಸಿಲ್ಲದೆ ಕೂತಿದ್ದೋರು ಆಧಾರ್ ಕಾರ್ಡ್ ಹಿಡ್ಕೊಂಡು ಫ್ರೀ ಬಸ್ ಹತ್ತಿ ತವರಿಗೆ ಬಂದಿದ್ದು ನೋಡಿದೀನಿ, ಅದನ್ನೇ ಸಂಸಾರ ಹಾಳಾಗೋದು ಅಂತ ಕರೆಯೋರು ಕರೀಲಿ.

ರಾಜಕೀಯದೋರು ಇದನ್ನ ಎಳೆದಾಡಿದ್ದು ಎಲ್ಲರಿಗೂ ನೆನಪಿರತ್ತೆ. 2023ರ ಜೂನ್ 11ಕ್ಕೆ ಶಕ್ತಿ ಬಸ್ ಶುರುವಾಯ್ತು, ಆಗಸ್ಟ್ 30ಕ್ಕೆ ಮೈಸೂರಲ್ಲಿ ಗೃಹಲಕ್ಷ್ಮಿ. ಅದು ಶುರುವಾಗೋಕೂ ಮುಂಚೆನೇ ದುಡ್ಡು ಅತ್ತೆಗೋ ಸೊಸೆಗೋ ಅಂತ ಇಡೀ ರಾಜ್ಯ ಬಾಯಿಗೆ ಬಂದಂಗೆ ಮಾತಾಡ್ತು, ಮಂತ್ರಿ ಲಕ್ಷ್ಮಿ ಹೆಬ್ಬಾಳ್ಕರ್ ಅತ್ತೆಗೇ ಅಂದ್ರು, ವಿರೋಧ ಪಕ್ಷದೋರು ನೋಡಿ ಮನೆಮನೆಗೆ ಜಗಳ ತಂದಿಟ್ರು ಅಂದ್ರು. ಆಮೇಲೆ 2024ರ ಏಪ್ರಿಲ್‌ನಲ್ಲಿ ಲೋಕಸಭೆ ಚುನಾವಣೆ ಪ್ರಚಾರಕ್ಕೆ ತುಮಕೂರು ಕಡೆ ಹೋಗಿದ್ದ ಕುಮಾರಸ್ವಾಮಿಯವರು ಗ್ಯಾರಂಟಿಗಳಿಂದ ಹಳ್ಳಿ ತಾಯಂದಿರು ದಾರಿ ತಪ್ಪಿದಾರೆ ಅನ್ನೋ ಅರ್ಥದಲ್ಲಿ ಮಾತಾಡಿ ದೊಡ್ಡ ಗಲಾಟೆ ಆಯ್ತು, ಮಹಿಳಾ ಆಯೋಗ ನೋಟಿಸ್ ಕೊಡ್ತು, ಅವರು ವಿಷಾದಾನೂ ಹೇಳಿದ್ರು. ಈ ಕಡೆಯೋರು ಹೆಣ್ಣುಮಕ್ಕಳನ್ನ ಉದ್ಧಾರ ಮಾಡಿದ್ವಿ ಅಂತಾರೆ, ಆ ಕಡೆಯೋರು ಸಂಸಾರ ಉಳಿಸ್ತೀವಿ ಅಂತಾರೆ. ಇಷ್ಟೆಲ್ಲದರ ನಡುವೆ ನಿಮ್ಮಂಥೋರ ಹೆಸರು ಒಂದು ಸಲಾನೂ ಬರ್ಲಿಲ್ಲ ನೋಡಿ, ನನಗೆ ಸಿಟ್ಟು ಬರೋದೇ ಅಲ್ಲಿ.

ಈ ಅತ್ತೆ ಸೊಸೆ ವಿಷಯ ತೀರ್ಮಾನ ಆಗಿದ್ದು 2023ರಲ್ಲಿ ಅಲ್ಲವೇ ಅಲ್ಲ. 2013ರ ಆಹಾರ ಭದ್ರತಾ ಕಾಯ್ದೆ 13ನೇ ಸೆಕ್ಷನ್ ತೆಗೆದು ನೋಡಿ, ರೇಷನ್ ಕಾರ್ಡಿಗೆ ಮನೇಲಿರೋ 18 ತುಂಬಿದ ಹೆಂಗಸರಲ್ಲಿ ಎಲ್ಲರಿಗಿಂತ ಹಿರಿಯೋಳೇ ಯಜಮಾನಿ ಅಂತ ಬರೆದುಬಿಟ್ಟಿದಾರೆ. ಹೆಂಗಸರ ಕೈಗೆ ಅಧಿಕಾರ ಬರಲಿ ಅಂತ ಒಳ್ಳೇ ಮನಸ್ಸಿಂದಲೇ ಮಾಡಿದ್ದು, ನಾನೇನೂ ಅದನ್ನ ಬೈಯಲ್ಲ. ಆದ್ರೆ ಹತ್ತು ವರ್ಷ ಆದ್ಮೇಲೆ ಸರ್ಕಾರ ಅದೇ ಕಾರ್ಡನ್ನ ಹಿಡ್ಕೊಂಡು ದುಡ್ಡು ಹಾಕೋಕೆ ಹೋದಾಗ ಒಂದು ಕಾರ್ಡ್ ಅಂದ್ರೆ ಒಂದು ಸಂಸಾರ, ಒಂದು ಸಂಸಾರಕ್ಕೆ ಒಬ್ಬಳೇ ಲಕ್ಷ್ಮಿ ಅಂತಾಗೋಯ್ತು. ನಮ್ಮೂರ ಹಾಸನಾಂಬೆ ಗುಡೀಲಿ ಸೊಸೆ ಕಲ್ಲು ಇದೆಯಲ್ಲ, ಅತ್ತೆ ಹೊಡೆದಾಗ ಹಾಸನಮ್ಮಾ ಅಂತ ಕೂಗ್ಕೊಂಡ ಸೊಸೇನ ದೇವಿ ಕಲ್ಲು ಮಾಡಿ ತನ್ನ ಹತ್ರ ಇಟ್ಕೊಂಡ್ಲು, ವರ್ಷಕ್ಕೆ ಒಂದು ಅಕ್ಕಿಕಾಳಿನಷ್ಟು ದೇವಿ ಕಡೆ ಸರಿಯತ್ತೆ ಅಂತಾರಲ್ಲ, ನಮ್ಮ ಫೈಲ್‌ಗಳು ಹೋಗೋದೂ ಅದೇ ಸ್ಪೀಡಲ್ಲೇ.

ಇನ್ನು ಆ ಅಮೆರಿಕಾ ಮೆಸೇಜು. ಅದರಲ್ಲಿ ಸುಳ್ಳೇ ತುಂಬಿದೆ ಅಂತ ಹೇಳಲ್ಲ, ಅರ್ಧ ಕಥೆ ಇದೆ. ಅಲ್ಲಿ 1965ರಲ್ಲಿ ಮೊಯ್ನಿಹಾನ್ ಅನ್ನೋ ಅಧಿಕಾರಿ ಕಪ್ಪು ಜನಾಂಗದ ಕುಟುಂಬಗಳ ಬಗ್ಗೆ ಒಂದು ವರದಿ ಬರೆದ್ರು, ತಂದೆ ಇಲ್ಲದ ಮನೆಗಳು ಜಾಸ್ತಿಯಾಗ್ತಿವೆ ಅಂತ, ಅಲ್ಲಿಂದ ಶುರುವಾದ ಜಗಳ ಇವತ್ತಿಗೂ ಮುಗಿದಿಲ್ಲ. ಆಗ ಅಲ್ಲಿ ಕೆಲವು ರಾಜ್ಯಗಳಲ್ಲಿ ಒಂದು ಕೆಟ್ಟ ರೂಲ್ಸ್ ಇತ್ತು, ಮನೇಲಿ ಗಂಡಸು ಇದಾನೆ ಅಂತ ಗೊತ್ತಾದ್ರೆ ತಾಯಿ ಮಕ್ಕಳಿಗೆ ಬರೋ ದುಡ್ಡು ಕಟ್, ಕೆಲವು ಕಡೆ ರಾತ್ರಿ ಹೊತ್ತು ಮನೆಗೆ ಬಂದು ಚೆಕ್ ಮಾಡೋರು. ಅಲಬಾಮಾ ರಾಜ್ಯದ ಅಂಥ ರೂಲ್ಸನ್ನ 1968ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ತೆಗೆದು ಹಾಕ್ತು. ಸರ್ಕಾರದ ರೂಲ್ಸ್ ಕೆಟ್ಟದಾಗಿ ಬರೆದ್ರೆ ಸಂಸಾರದ ಮೇಲೆ ಏಟು ಬೀಳತ್ತೆ ಅನ್ನೋದು ನಿಜ, ಅಷ್ಟನ್ನ ನಿಮ್ಮಣ್ಣಂಗೆ ಬಿಟ್ಟುಕೊಡಿ. ಆದ್ರೆ 1996ರಲ್ಲಿ ಕ್ಲಿಂಟನ್ ಕಾಲದಲ್ಲಿ ಆ ಹಳೇ ಸ್ಕೀಮ್ ರದ್ದು ಮಾಡಿ, ಒಬ್ಬರಿಗೆ ಜೀವನದಲ್ಲಿ ಸಾಮಾನ್ಯವಾಗಿ ಐದೇ ವರ್ಷ ಅಂತ ಮಿತಿ ಹಾಕಿ, ಅಪ್ಪ ಅಮ್ಮ ಇಬ್ಬರೂ ಇರೋ ಸಂಸಾರ ಹೆಚ್ಚು ಮಾಡೋದೂ ನಮ್ಮ ಉದ್ದೇಶ ಅಂತ ಕಾನೂನಲ್ಲೇ ಬರೆದ್ರು. ಆಗೇನಾಯ್ತು? ಮದುವೆ ಆಗದೆ ಹುಟ್ಟೋ ಮಕ್ಕಳು ಆ ವರ್ಷ ನೂರಕ್ಕೆ 32 ಇದ್ದಿದ್ದು 2008ರ ಹೊತ್ತಿಗೆ 40 ದಾಟ್ತು. ದುಡ್ಡು ನಿಲ್ಲಿಸಿದ್ದಕ್ಕೆ ಮದುವೆಗಳೇನೂ ಜಾಸ್ತಿ ಆಗ್ಲಿಲ್ಲ. ಆ ಮೆಸೇಜಲ್ಲಿ ಇದು ಇರಲ್ಲ ಬಿಡಿ.

ಅಪ್ಪ ಅಮ್ಮ ಇಬ್ಬರೂ ಇರೋ ಮನೆ ಮಕ್ಕಳು ಸರಾಸರಿ ಓದಲ್ಲಿ, ಆರೋಗ್ಯದಲ್ಲಿ ಮುಂದಿರ್ತಾರೆ ಅಂತ ಹೇಳೋರು ಇದಾರೆ, ಅದನ್ನ ನಾನು ಅಲ್ಲಗಳೆಯಲ್ಲ. ಎರಡು ಸಂಬಳ, ನಾಲ್ಕು ಕೈ, ಹೋಂವರ್ಕ್ ನೋಡೋಕೆ ಒಬ್ಬರು ಅಡಿಗೆ ಮಾಡೋಕೆ ಒಬ್ಬರು, ಮುಂದಿರದೇ ಇನ್ನೇನು? ವಿಶ್ವಸಂಸ್ಥೆಯ ಮಹಿಳಾ ವಿಭಾಗ 2019ರಲ್ಲಿ ಒಂದು ವರದಿ ತಂತು, ಅದರ ಪ್ರಕಾರ ನಮ್ಮ ದೇಶದಲ್ಲಿ ಒಂಟಿ ತಾಯಿ ನಡೆಸೋ ಮನೆಗಳು ನೂರಕ್ಕೆ 4.5, ಅಂದ್ರೆ ಸುಮಾರು 1.3 ಕೋಟಿ, ಅಂಥ ಮನೆಗಳಲ್ಲಿ ಬಡತನ ನೂರಕ್ಕೆ 38, ಇಬ್ಬರೂ ಇರೋ ಮನೆಗಳಲ್ಲಿ 22.6. ನನ್ನ ಕಣ್ಣು ನಿಂತಿದ್ದು ಅದೇ ವರದಿಯ ಇನ್ನೊಂದು ಲೆಕ್ಕದ ಮೇಲೆ, ಇವರಲ್ಲದೆ ಇನ್ನೂ ಸುಮಾರು 3.2 ಕೋಟಿ ಒಂಟಿ ತಾಯಂದಿರು ಬೇರೆಯವರ ಮನೇಲಿ, ಅಂದ್ರೆ ತವರಲ್ಲೋ ಅತ್ತೆ ಮನೇಲೋ ಕೂಡು ಕುಟುಂಬದೊಳಗೆ ಇದಾರೆ. ಅಂದ್ರೆ ಸ್ವಂತ ಮನೆ ನಡೆಸೋರಿಗಿಂತ ಎರಡು ಪಟ್ಟು ಜಾಸ್ತಿ. ನೀವು ಆ 3.2 ಕೋಟಿಯೊಳಗೆ ಒಬ್ಬರು ಕಣಮ್ಮ. ಕಾರ್ಡ್ ಹಿಡ್ಕೊಂಡು ಎಣಿಸೋ ಸರ್ಕಾರಕ್ಕೆ ನೀವು ಕಾಣೋದೇ ಇಲ್ಲ, ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತ ಗಾದೆ ಇದೆಯಲ್ಲ, ರೇಷನ್ ಕಾರ್ಡಿಗೂ ಅದು ಬಾಯಿಪಾಠ ಬಂದಿದೆ.

ಪಿಂಚಣಿ ಕಡೆ ಹೋದ್ರೆ ಅಲ್ಲೂ ಇದೇ ಕಥೆ. ವಿಧವಾ ವೇತನ ತಿಂಗಳಿಗೆ 800, ಗಂಡ ಸತ್ತಿರೋ ಸರ್ಟಿಫಿಕೇಟ್ ಬೇಕು. ಮನಸ್ವಿನಿ ಅಂತ ಇದೆ, ಮದುವೆ ಆಗದೇ ಇರೋರಿಗೆ, ಡೈವೋರ್ಸ್ ಆದೋರಿಗೆ, ಅದೂ 800, ಆದ್ರೆ ವಯಸ್ಸು 40ರಿಂದ 64ರ ಒಳಗಿರ್ಬೇಕು. ಅಂದ್ರೆ ಎಳೇ ಮಗು ಕಂಕುಳಲ್ಲಿ ಇಟ್ಕೊಂಡು ಒದ್ದಾಡೋ ವಯಸ್ಸಲ್ಲಿ ಇಲ್ಲ, ಮಗು ಕಾಲೇಜು ಮುಗಿಸೋ ಹೊತ್ತಿಗೆ ಕೊಡ್ತಾರೆ, ಯಾವ ಪುಣ್ಯಾತ್ಮ ಕೂತು ಬರೆದನೋ. ನಿಮ್ಮ ಗಂಡ ಬದುಕಿದಾರೆ, ಡೈವೋರ್ಸ್ ಆಗಿಲ್ಲ, ವಯಸ್ಸು 31, ಮೂರೂ ಬಾಗಿಲು ಮುಚ್ಚಿದೆ. ದೆಹಲಿ ಮಟ್ಟದಲ್ಲೂ ಇದೇ ಬುದ್ಧಿ, 2021ರ ಬಾಡಿಗೆ ತಾಯ್ತನದ ಕಾಯ್ದೇಲಿ ಒಂಟಿ ಹೆಂಗಸು ಅಂದ್ರೆ 35ರಿಂದ 45ರ ಒಳಗಿನ ವಿಧವೆ ಇಲ್ಲಾ ವಿಚ್ಛೇದಿತೆ ಮಾತ್ರ, ಮದುವೆನೇ ಆಗದ 44 ವರ್ಷದ ಒಬ್ಬರು ಅದನ್ನ ಪ್ರಶ್ನೆ ಮಾಡಿದಾಗ 2024ರ ಫೆಬ್ರವರೀಲಿ ಸುಪ್ರೀಂ ಕೋರ್ಟ್ ಪೀಠದಿಂದಲೇ ಮದುವೆ ಅನ್ನೋ ವ್ಯವಸ್ಥೆ ಉಳೀಬೇಕು ಅನ್ನೋ ಧಾಟಿಯ ಮಾತು ಬಂತು. ಊರಲ್ಲಿ ನಿಮ್ಮನ್ನ ಗಂಡ ಬಿಟ್ಟೋಳು ಅಂತಾರೆ ಅಲ್ವಾ, ಬಿಟ್ಟು ಹೋದೋನು ಅವನು, ಹೆಸರು ಬಂದಿದ್ದು ಇವಳಿಗೆ, ಆದ್ರೆ ಅರ್ಜಿ ಫಾರಂನಲ್ಲಿ ಮಾತ್ರ ಆ ಹೆಸರಿಗೂ ಒಂದು ಕಾಲಂ ಇಲ್ಲ.

ಮೂರು ನಾಲ್ಕು ವರ್ಷದ ಹಿಂದೆ ಸಕಲೇಶಪುರ ಕಡೆಯ ನನ್ನ ಒಬ್ಬಳು ಕಕ್ಷಿದಾರಳು, ನಿಮ್ಮದೇ ಪರಿಸ್ಥಿತಿ, ತವರಲ್ಲಿದ್ದಳು, ಬೇರೆ ಕಾರ್ಡಿಗೆ ಓಡಾಡ್ತಿದ್ದಳು. ಆಫೀಸಲ್ಲಿ ನಿನ್ನದು ಬೇರೆ ಒಲೆ ಇದೆಯೇನಮ್ಮ, ಒಂದೇ ಒಲೆ ಅಂದ್ರೆ ಒಂದೇ ಕುಟುಂಬ ಅಂದ್ರಂತೆ. ಒಂದಿನ ನಾನು ಅವರ ಮನೆಗೆ ಹೋಗಿದ್ದೆ, ಜಗಲಿ ಮೂಲೇಲಿ ಮೂರು ಕಲ್ಲಿಟ್ಟು ಮೇಲೊಂದು ಅಲ್ಯೂಮಿನಿಯಂ ಪಾತ್ರೆ ಇಟ್ಟಿದ್ರು, ಚೆಕಿಂಗಿಗೆ ಬಂದೋರಿಗೆ ತೋರಿಸೋಕೆ. ಕಲ್ಲಿಗೆ ಒಂಚೂರೂ ಮಸಿ ಹಿಡಿದಿರಲಿಲ್ಲ. ಒಳಗೆ ಅವಳ ತಾಯಿ ಎಲ್ಲರಿಗೂ ಒಂದೇ ಪಾತ್ರೇಲಿ ಅನ್ನ ಬಸೀತಿದ್ರು. ಆ ಅಜ್ಜಿ ನನಗೆ ರೊಟ್ಟಿ ಕೊಟ್ಟು ಕಣ್ಣು ಒರೆಸ್ಕೊಂಡು ನನ್ನ ಮಗಳನ್ನ ಬೇರೆ ಹಾಕಿದೀನಿ ಅಂತ ಬಾಯಲ್ಲಿ ಹೇಳ್ಬೇಕಂತೆ ಮೇಡಂ ಅಂದ್ರು. ಈಗ ನಿಮ್ಮಣ್ಣನ್ನ ಕೇಳಿ, ಇಲ್ಲಿ ಸಂಸಾರ ಒಡೀತಿರೋದು ಯಾರು ಅಂತ. ಕೈ ಹಿಡಿದು ಒಳಗೆ ಕರ್ಕೊಂಡ ತವರನ್ನ ಎರಡು ಒಲೆ ಮಾಡು ಅಂತ ಹೇಳೋ ರೂಲ್ಸ್ ಯಾವ ಪಕ್ಷದೋರು ಬಂದ್ರೂ ಬದಲಾಗಲಿಲ್ಲ, ಯಾಕಂದ್ರೆ ಸ್ಟೇಜ್ ಮೇಲೆ ಅದಕ್ಕೆ ಚಪ್ಪಾಳೆ ಬೀಳಲ್ಲ.

ಒಂಟಿ ಅಪ್ಪಂದಿರದ್ದೂ ಒಂದು ಮಾತು ಹೇಳಿಬಿಡ್ತೀನಿ. ಹೆಂಡತಿ ತೀರ್ಕೊಂಡು ಇಬ್ಬರು ಮಕ್ಕಳನ್ನ ಸಾಕ್ತಿರೋ, ತೋಟದ ಲೆಕ್ಕ ಬರೆಯೋ ರೈಟರ್ ಒಬ್ಬರು ನನ್ನ ಹತ್ರ ಬಂದಿದ್ರು, ಮನೇಲಿ 18 ತುಂಬಿದ ಹೆಣ್ಣಿಲ್ಲ ಅಂದ್ರೆ ಕಾರ್ಡಿಗೆ ಗಂಡಸು ಯಜಮಾನ ಆಗ್ಬಹುದು, ಆದ್ರೆ ಗೃಹಲಕ್ಷ್ಮಿ ಬರಲ್ಲ. ಕೇಂದ್ರ ಸರ್ಕಾರಿ ನೌಕರರಲ್ಲಿ ಒಂಟಿ ತಂದೆಗೂ ಮಕ್ಕಳ ಆರೈಕೆ ರಜೆ 2018ರ ಡಿಸೆಂಬರಿಂದ ಕೊಡ್ತಾರೆ, ತೋಟದಲ್ಲಿ ಕೆಲಸ ಮಾಡೋ ಅಪ್ಪನಿಗೆ ಯಾವ ರಜೆ?

ಸರಿ, ನಿಮ್ಮ ದಾರಿಗೆ ಬರೋಣ. ಮೊದಲು ಜೀವನಾಂಶ. ಮುಂಚೆ ಸಿಆರ್‌ಪಿಸಿ, ಅಂದ್ರೆ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಸೆಕ್ಷನ್ ಅಂತಿದ್ವಿ, 2024ರ ಜುಲೈ 1ರಿಂದ ಅದೇ ಬಿಎನ್‌ಎಸ್‌ಎಸ್, ಅಂದ್ರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144. ಡೈವೋರ್ಸ್ ಆಗಿರ್ಬೇಕಾಗಿಲ್ಲ, ನೀವು ಈಗ ಇರೋ ಜಾಗದ ಕೋರ್ಟಲ್ಲೇ ಹಾಕ್ಬಹುದು, ಬೆಂಗಳೂರಿಗೆ ಅಲೀಬೇಕಾಗಿಲ್ಲ. ನಿಮಗೆ ಒಂದು, ಮಗಳಿಗೆ ಒಂದು, ಎರಡೂ ಬೇರೆ ಬೇರೆ ಕೇಳಿ, ಮಗಳದ್ದು ಅವಳ ಹಕ್ಕು, ನಿಮ್ಮಿಬ್ಬರ ಜಗಳಕ್ಕೂ ಅದಕ್ಕೂ ಸಂಬಂಧ ಇಲ್ಲ. ಮಧ್ಯಂತರ ಜೀವನಾಂಶದ, ಅಂದ್ರೆ ಕೇಸ್ ಮುಗಿಯೋವರೆಗೆ ಸಿಗೋ ದುಡ್ಡಿನ ಅರ್ಜೀನ ನೋಟಿಸ್ ತಲುಪಿದ 60 ದಿನದಲ್ಲಿ ಆದಷ್ಟು ಮುಗಿಸ್ಬೇಕು ಅಂತ ಕಾನೂನಿದೆ, ಹಂಗೇ ಆಗತ್ತೆ ಅಂತ ಮಾತ್ರ ನಾನು ಭಾಷೆ ಕೊಡಲ್ಲ. 2020ರ ನವೆಂಬರ್‌ನಲ್ಲಿ ರಜನೀಶ್ ವಿರುದ್ಧ ನೇಹಾ ಕೇಸಲ್ಲಿ ಸುಪ್ರೀಂ ಕೋರ್ಟು ಎರಡು ಒಳ್ಳೇ ಕೆಲಸ ಮಾಡಿದೆ, ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಾಕಿ ಕೊಡ್ಬೇಕು, ಇಬ್ಬರೂ ಆದಾಯ ಆಸ್ತಿ ಬಗ್ಗೆ ಅಫಿಡವಿಟ್ ಕೊಡ್ಬೇಕು ಅಂತ. ಅದಕ್ಕೇ ಹೇಳೋದು, ನಾಲ್ಕು ವರ್ಷ ಕಾದಿದ್ದು ಸಾಕು, ಅರ್ಜಿ ಹಾಕದೇ ಹೋದ ತಿಂಗಳುಗಳ ದುಡ್ಡು ಯಾರೂ ವಾಪಸ್ ಕೊಡಲ್ಲ. ಆರ್ಡರ್ ಆದ್ಮೇಲೂ ಅವರು ಕೊಡ್ಲಿಲ್ಲ ಅಂದ್ರೆ ಬಾಕಿ ಆದ ಒಂದು ವರ್ಷದೊಳಗೆ ವಸೂಲಿ ಅರ್ಜಿ ಹಾಕ್ಬೇಕು, ಇದನ್ನ ಮರೆತು ದುಡ್ಡು ಕಳ್ಕೊಂಡೋರು ತುಂಬಾ ಜನ ಇದಾರೆ. ಕೊಡದೇ ಇದ್ದೋರನ್ನ ಜೈಲಿಗೂ ಕಳಿಸ್ಬಹುದು, ಒಂದೊಂದು ತಿಂಗಳ ಬಾಕಿಗೆ ಒಂದು ತಿಂಗಳವರೆಗೆ.

ಅವರ ಆದಾಯ ತೋರಿಸೋದು ಹೆಂಗೆ ಅಂತ ಯೋಚನೆ ಮಾಡ್ಬೇಡಿ. ಡ್ರೈವರ್ ಅಂದ್ರಲ್ಲ, ಯಾವ ಗಾಡಿ, ನಂಬರ್ ಏನು, ಫೇಸ್‌ಬುಕ್ಕು ಇನ್‌ಸ್ಟಾಗ್ರಾಮಲ್ಲಿ ಹಾಕಿರೋ ಫೋಟೋ, ಮುಂಚೆ ನಿಮಗೆ ಫೋನ್‌ಪೇ ಮಾಡಿದ್ದ ಮೆಸೇಜು, ಎಲ್ಲಾ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ, ಅವರು ನಿಮ್ಮನ್ನ ಬ್ಲಾಕ್ ಮಾಡೋಕೆ ಮುಂಚೆ. ವಕೀಲರ ಫೀಸಿಗೆ ಹೆದರ್ಕೋಬೇಡಿ, 1987ರ ಕಾನೂನು ಸೇವೆಗಳ ಕಾಯ್ದೆ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇರ್ಲಿ ಉಚಿತ ವಕೀಲರು ಸಿಗ್ತಾರೆ. ಬೇಲೂರು ಕೋರ್ಟಿಗೆ ಹೋಗಿ ತಾಲ್ಲೂಕು ಕಾನೂನು ಸೇವಾ ಸಮಿತಿ ಎಲ್ಲಿ ಅಂತ ಕೇಳಿ, ಇಲ್ಲಾಂದ್ರೆ 15100ಕ್ಕೆ ಫೋನ್ ಮಾಡಿ.

ಎರಡನೇದು ಜನಕ್ಕೆ ಗೊತ್ತೇ ಇಲ್ಲ, ಮಿಷನ್ ವಾತ್ಸಲ್ಯ ಅನ್ನೋ ಮಕ್ಕಳ ರಕ್ಷಣೆಯ ಕೇಂದ್ರದ ಸ್ಕೀಮಲ್ಲಿರೋ ಪ್ರಾಯೋಜಕತ್ವ, ಅಂದ್ರೆ ಮಗುವಿನ ಖರ್ಚಿಗೆ ಕೊಡೋ ದುಡ್ಡು. ವಿಧವೆ, ವಿಚ್ಛೇದಿತೆ, ಅಷ್ಟೇ ಅಲ್ಲ, ಮನೆಯೋರು ಕೈಬಿಟ್ಟ ತಾಯಿಯ ಮಕ್ಕಳಿಗೂ, ಒಂದು ಮಗುವಿಗೆ ತಿಂಗಳಿಗೆ 4000 ರೂಪಾಯಿ. ಕೊನೆಗೂ ಒಂದು ಕಡೆಯಾದ್ರೂ ನಿಮ್ಮ ಕಾಲಂ ಇದೆ ನೋಡಿ. ಹಾಸನದಲ್ಲಿ ಮಹಿಳಾ ಮತ್ತು ಮಕ್ಕಳ ಇಲಾಖೆಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅರ್ಜಿ. ಹಳ್ಳೀಲಿ ಇರೋರಿಗೆ ವರ್ಷದ ಆದಾಯ 72,000 ದಾಟಬಾರ್ದು, ಟೌನಲ್ಲಿ 96,000. ನಿಮ್ಮ ಆರು ಸಾವಿರ ಇಂಟು ಹನ್ನೆರಡು, ಸರಿಯಾಗಿ 72,000, ಅದೂ ಕೈತುಂಬ ಕೆಲಸ ಸಿಕ್ಕ ತಿಂಗಳ ಲೆಕ್ಕ. ನಾಡಕಚೇರೀಲಿ ಆದಾಯ ಪತ್ರ ಮಾಡಿಸುವಾಗ ಮಳೆಗಾಲದ ಖಾಲಿ ತಿಂಗಳುಗಳನ್ನೂ ಹೇಳಿ, ಅಣ್ಣನ ದುಡಿಮೆ ಸೇರಿಸಿ ಬರೀದಂಗೆ ನೋಡ್ಕೊಳ್ಳಿ, ನಿಮ್ಮದೂ ಮಗಳದ್ದೂ ಅಂತಲೇ ಕೇಳಿ. ನಿಮ್ಮ ಥರದವಳೇ ಒಬ್ಬಳು ಹಾಸನಕ್ಕೆ ಬಂದು ಗಾರ್ಮೆಂಟ್ಸ್ ಸೇರಿ ಹನ್ನೆರಡು ಸಾವಿರ ದುಡಿದ್ರೆ ಇದೂ ಇಲ್ಲ, 1.2 ಲಕ್ಷ ದಾಟಿತು ಅಂತ ಬಿಪಿಎಲ್ಲೂ ಇಲ್ಲ. ದುಡಿದಿದ್ದೇ ತಪ್ಪಾಯ್ತು ಅನ್ನಂಗೆ. ವಾತ್ಸಲ್ಯದಲ್ಲಿ ಇಷ್ಟೇ ಮಕ್ಕಳಿಗೆ ಅಂತ ಮಿತಿ ಇರತ್ತೆ, ಆದ್ರಿಂದ ಒಂದು ಸಲ ಇಲ್ಲ ಅಂದ್ರೂ ಸ್ವೀಕೃತಿ ಇಸ್ಕೊಂಡು ಬನ್ನಿ, ಬಾಯಿ ಮಾತಿಗೆ ವಾಪಸ್ ಬರ್ಬೇಡಿ.

ರೇಷನ್ ಕಾರ್ಡಲ್ಲಿ ಒಬ್ಬರ ಹೆಸರು ಎರಡು ಕಡೆ ಇರಂಗಿಲ್ಲ, ಹಂಗಾಗಿ ಅತ್ತೆ ಮನೆ ಕಾರ್ಡಿಂದ ನಿಮ್ಮಿಬ್ಬರ ಹೆಸರು ತೆಗೆಸೋದು ಮೊದಲ ಕೆಲಸ. ನೀವು ಅಲ್ಲಿ ವಾಸ ಇಲ್ಲ ಅಂತ ತಾಲ್ಲೂಕು ಆಹಾರ ಶಾಖೆಗೆ ಬರವಣಿಗೇಲಿ ಕೊಡಿ, ಜೀವನಾಂಶದ ಅರ್ಜಿ ನಂಬರ್ ಇದ್ರೆ ಅದರ ನಕಲೂ ಜೊತೆಗಿಡಿ, ಆಗ ಫೈಲಿಗೆ ಸ್ವಲ್ಪ ತೂಕ ಬರತ್ತೆ. ನೀವೂ ಮಗಳೂ ಇರೋ ಬೇರೆ ಕಾರ್ಡ್ ಆದ್ರೆ ಅದರಲ್ಲಿ ಹಿರಿಯೋಳು ನೀವೇ, ಗೃಹಲಕ್ಷ್ಮಿಗೂ ನೀವೇ. ಆದ್ರೆ ಹೊಸ ಕಾರ್ಡಿನ ಪೋರ್ಟಲ್ ಯಾವಾಗ ತೆಗೀತಾರೆ ಯಾವಾಗ ಮುಚ್ತಾರೆ ಅನ್ನೋದು ಹಾಸನಾಂಬೆ ಬಾಗಿಲಿಗಿಂತ ಕಷ್ಟ, ಅಮ್ಮನವರದ್ದಾದ್ರೂ ವರ್ಷಕ್ಕೊಂದು ಸಲ ಗ್ಯಾರಂಟಿ.

ಈ ಜೀವನಾಂಶದ ವಿಷಯದಲ್ಲೇ ನಮ್ಮ ರಾಜಕೀಯದೋರು ಜಗಳ ಆಡಿದ್ರೆ ನಾನೂ ಹೋಗಿ ಮುಂದಿನ ಸಾಲಲ್ಲಿ ಕೂರ್ತೀನಿ. ಸ್ವೀಡನ್ನಲ್ಲಿ ಹೆಂಗಿದೆ ಅಂದ್ರೆ, ಬೇರೆ ಇರೋ ಅಪ್ಪನೋ ಅಮ್ಮನೋ ಮಗುವಿನ ಪಾಲು ಕೊಡ್ಲಿಲ್ಲ ಅಂದ್ರೆ ಸರ್ಕಾರವೇ ಮಗುವಿಗೆ ಕೊಟ್ಟುಬಿಡತ್ತೆ, ಆಮೇಲೆ ಕೊಡಬೇಕಾದೋರಿಂದ ಅವರ ಶಕ್ತಿ ನೋಡ್ಕೊಂಡು ವಸೂಲಿ ಮಾಡ್ಕೊಳ್ಳತ್ತೆ. ಇಲ್ಲಿ ಏಳು ವರ್ಷದ ಮಗೂನ ಸೊಂಟದ ಮೇಲೆ ಕೂರಿಸ್ಕೊಂಡು ತಾಯಿನೇ ವಾರಂಟ್ ಹಿಡ್ಕೊಂಡು ಪೊಲೀಸರ ಹಿಂದೆ ಓಡ್ಬೇಕು. ಕುಟುಂಬ ಉಳಿಸ್ತೀವಿ ಅನ್ನೋ ಯಾವ ಪಕ್ಷದ ಪ್ರಣಾಳಿಕೇಲೂ ಈ ಮಾತು ನನ್ನ ಕಣ್ಣಿಗೆ ಬಿದ್ದಿಲ್ಲ.

ಮಗಳ ಸ್ಕೂಲಲ್ಲಿ ತಂದೆ ಸಹಿ ಕೇಳಿದ್ರೆ ಗಾಬರಿ ಬೀಳ್ಬೇಡಿ, ನೀವೇ ಹಾಕಿ, ಕೆಳಗೆ ತಾಯಿ ಅಂತ ಬರೀರಿ. ಮಗುವಿನ ಕಡೆ ತಂದೆ ತಿರುಗಿ ನೋಡದೇ ಇದ್ರೆ ತಾಯಿನೇ ಸಹಜ ಪಾಲಕಳಾಗಿ ನಡ್ಕೋಬಹುದು ಅಂತ ಗೀತಾ ಹರಿಹರನ್ ಕೇಸಲ್ಲಿ 1999ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಪಾಸ್‌ಪೋರ್ಟಿಗೆ 2016ರ ಡಿಸೆಂಬರಿಂದ ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರ ಹೆಸರು ಸಾಕು, ಪಾನ್ ಕಾರ್ಡಿಗೂ ಒಂಟಿ ತಾಯಿ ಆದ್ರೆ 2018ರಿಂದ ತಂದೆ ಹೆಸರು ಕಡ್ಡಾಯ ಇಲ್ಲ. ನನ್ನ ಕಕ್ಷಿದಾರಳೊಬ್ಬಳ ಫಾರಂನ ಒಂದು ಸ್ಕೂಲಿನೋರು ಮೂರು ಸಲ ವಾಪಸ್ ಕಳಿಸಿದ್ರು, ನಾಲ್ಕನೇ ಸಲ ಅವಳು ಆ ಗೀತಾ ಹರಿಹರನ್ ತೀರ್ಪಿನ ಮೊದಲ ಪುಟ ಪಿನ್ ಮಾಡಿ ಕಳಿಸಿದ್ಲು, ಯಾರೂ ಓದ್ಲಿಲ್ಲ ಅನ್ಸತ್ತೆ, ಆದ್ರೆ ತಗೊಂಡ್ರು.

ಇನ್ನು ತಾಳಿ. ಪಕ್ಕದ ಮನೆಯೋರಿಗೆ ಕಾಫಿ ಕೊಟ್ಟು ಕಳಿಸಿ. ಅದು ಕತ್ತಲ್ಲಿದ್ರೂ ಕೇಸ್ ನಡಿಯತ್ತೆ, ಇಲ್ಲದಿದ್ರೂ ನಡಿಯತ್ತೆ, ಜಡ್ಜು ಅದನ್ನ ಕೇಳೋದೇ ಇಲ್ಲ. ಇಟ್ಕೊಳ್ಳೋದು ತೆಗೆಯೋದು ನಿಮ್ಮಿಷ್ಟ, ಫೀಸಿಗೆ ಅಂತ ಮಾತ್ರ ಅಡ ಇಡ್ಬೇಡಿ. ಕೋರ್ಟಿಗೆ ಬೇಕಾಗಿರೋದು ಲಗ್ನಪತ್ರಿಕೆ, ಮದುವೆ ಫೋಟೋ ಎರಡು, ಮಗಳ ಜನನ ಪ್ರಮಾಣ ಪತ್ರ, ಅತ್ತೆ ಮನೆ ಕಾರ್ಡಿನ ಜೆರಾಕ್ಸು, ನಿಮ್ಮ ಆಧಾರು. ಲಗ್ನಪತ್ರಿಕೆ ಅತ್ತೆ ಮನೇಲೇ ಉಳಿದಿದ್ರೆ ಮದುವೆಗೆ ಬಂದಿದ್ದ ಯಾರಾದ್ರೂ ನೆಂಟರ ಮನೇಲಿ ದೇವರ ಫೋಟೋ ಹಿಂದೆ ಹುಡುಕ್ಸಿ, ನಾನು ನಡೆಸಿದ ಕೇಸ್‌ಗಳಲ್ಲಿ ಎಷ್ಟೋ ಲಗ್ನಪತ್ರಿಕೆ ಸಿಕ್ಕಿರೋದು ಅಲ್ಲೇ.